ತಾಕತ್ತಿನ ಡಬ್ಬಿ

ನಮ್ಮ ಚಿಂಚೋಳಿ ಕಡೆಯ ಚಂದಾಪುರದಲ್ಲಿ ಒಬ್ಬರು ಕೆಮ್ಮಿದರೆ ನಾಲ್ಕು ಜನ ಔಷಧಿ ಹೇಳುತ್ತಾರೆ, ಐದನೆಯವರು ಕೈಯಲ್ಲಿ ಡಬ್ಬಿ ಹಿಡಿದೇ ಬರುತ್ತಾರೆ. ಈ ಐದನೆಯವರ ಮೇಲೆ ನನಗೆ ವಿಶೇಷ ಗೌರವ. ಉಳಿದವರದು ಬಾಯಿಮಾತು, ಇವರು ಕಿಸೆಯಿಂದ ಆರೇಳು ನೂರು ಬಿಚ್ಚಿದ್ದಾರೆ. ಮೊದಲೆಲ್ಲ ಬ್ಯಾನಿ ಬಿದ್ದವರನ್ನು ಮಾತಾಡಿಸಲು ಹೋಗುವಾಗ ಬ್ರೆಡ್ಡು, ಬಾಳೆಹಣ್ಣು, ಬಿಸ್ಕೀಟು ಒಯ್ಯುತ್ತಿದ್ದರು. ರೋಗಿ ಅದನ್ನು ನೋಡುತ್ತಿದ್ದ, ಮೊಮ್ಮಕ್ಕಳು ತಿನ್ನುತ್ತಿದ್ದರು, ಲೆಕ್ಕ ಸರಿಹೋಗುತ್ತಿತ್ತು. ಈಗ ಡಬ್ಬಿಯ ಕಾಲ. ಒಳಗೆ ಚಾಕಲೇಟ್ ವಾಸನೆಯ ಪುಡಿ, ಹೊರಗೆ ಹಲ್ಲು ಕಿರಿಯುವ ಒಂದು ಗಟ್ಟಿಮುಟ್ಟು ಕುಟುಂಬ. ಡಬ್ಬಿಯ ಗಾತ್ರದಲ್ಲೇ ನೆಂಟಸ್ತಿಕೆಯ ಗಾತ್ರವೂ ತಿಳಿಯುತ್ತದೆ: ದೂರದ ಬೀಗರು 200 ಗ್ರಾಂ, ಅಳಿಯ 400 ಗ್ರಾಂ. ಯಾರಾದರೂ ಒಂದು ಕಿಲೋದ್ದು ತಂದರೆ ರೋಗಿಯ ಹೆಸರಿನಲ್ಲಿ ಇನ್ನೂ ಹೊಲ ಉಳಿದಿದೆ ಎಂದು ತಿಳಿಯಬೇಕು.

ನಮ್ಮ ಓಣಿಯಲ್ಲೊಬ್ಬ ಮುತ್ಯಾ ಇದ್ದಾನೆ. ಪ್ರಾಯವೆಲ್ಲ ಶಹಾಬಾದ್ ಕಡೆ ಪರ್ಸಿ ಕಲ್ಲಿನ ಖಣಿಯಲ್ಲಿ ಕಳೆದು, ಈಗ ಮಗನ ಮನೆಯ ಕಟ್ಟೆ ಹಿಡಿದಿದ್ದಾನೆ. ಹೋದಾಗಲೆಲ್ಲ ಕೇಳುವುದು ವಾಡಿಕೆ.

"ಮುತ್ಯಾ, ದಮ್ಮು ಹೆಂಗದ?"

"ದಮ್ಮೇನು, ಹಂಗೇ ಅದ. ಡಬ್ಬಿ ಮಾತ್ರ ಹೆಚ್ಚಾಗ್ಯಾವ ನೋಡು."

ಮುತ್ಯಾನಿಗೆ ಇರುವುದಕ್ಕೆ ಡಾಕ್ಟರು ಸಿಓಪಿಡಿ ಅನ್ನುತ್ತಾರೆ. ಮುತ್ಯಾ ಅದನ್ನು ಹೊಸ ಸರಕಾರಿ ಸ್ಕೀಮೆಂದು ತಿಳಿದು, ತಿಂಗಳಿಗೆಷ್ಟು ಬರುತ್ತದೆ ಎಂದು ಕೇಳಿದ್ದನಂತೆ. ಈ ರೋಗದಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಹಳೆ ಗಾಳಿ ವಾಡಿ ಜಂಕ್ಷನ್ನಿನ ಹೊರಗೆ ಸಿಗ್ನಲ್ ಕಾಯುವ ಗೂಡ್ಸ್ ಗಾಡಿಯ ಹಾಗೆ ಒಳಗೇ ನಿಂತುಬಿಡುತ್ತದೆ, ಹೊಸದಕ್ಕೆ ಲೈನ್ ಸಿಗುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಎದೆ ಬಡಿದುಕೊಳ್ಳುತ್ತದೆ. ಹಾಳಾದ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಇದ್ದುದನ್ನು ಕಾಪಾಡಿಕೊಂಡು ಹೋಗಬಹುದು. "ಮೊದಲಿನಂತಾಗುವುದಿಲ್ಲ" ಎಂಬ ಮಾತನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲವಲ್ಲ, ಡಬ್ಬಿ ಒಳಗೆ ಬರುವುದು ಆ ಸಂದಿನಿಂದಲೇ.

ಮತ್ತು ನಮ್ಮ ಸೀಮೆಯಲ್ಲಿ ದಮ್ಮಿಗೆ ಬರವಿಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಇಷ್ಟೂ ಊರುಗಳ ಕೆಳಗೆ ಹಾಸಿರುವುದು ಸುಣ್ಣದ ಕಲ್ಲು. ಕಲ್ಲಿದ್ದಲ್ಲಿ ಖಣಿ, ಖಣಿ ಇದ್ದಲ್ಲಿ ಸಿಮೆಂಟು, ಸಿಮೆಂಟು ಇದ್ದಲ್ಲಿ ಲಾರಿ, ಲಾರಿ ಇದ್ದಲ್ಲಿ ರಸ್ತೆ ಇರುವುದಿಲ್ಲ, ಧೂಳಿರುತ್ತದೆ. ಕಲ್ಲು ಪಾಲಿಶ್ ಮಾಡುವವನ ಹುಬ್ಬು ಸಂಜೆ ಹೊತ್ತಿಗೆ ಬೆಳ್ಳಗಾಗಿರುತ್ತದೆ. ಇದರ ಮೇಲೆ ಬೀಡಿ. ಫಿಲ್ಟರಿಲ್ಲದ ಆ ಗೇಣಿನೊಳಗಿನ ವಸ್ತು ಸಿಗರೇಟಿಗಿಂತ ಸಣ್ಣದೆಂದು ಪಾಪದ್ದೆಂಬ ಹೆಸರು ಪಡೆದಿದೆ. ಅಳೆದು ನೋಡಿದವರು ಹೇಳುವುದು ಬೇರೆ: ಟಾರೂ ಕಾರ್ಬನ್ ಮೊನಾಕ್ಸೈಡೂ ಬೀಡಿಯಿಂದಲೇ ಜಾಸ್ತಿ ಒಳಗೆ ಹೋಗುತ್ತವೆ.

ಮುತ್ಯಾನ ಮನೆಯ ಗೋಡೆಗೂಡನ್ನು ನೀವು ನೋಡಬೇಕು. ಮೊದಲು ಅಲ್ಲಿ ಬಸವಣ್ಣನ ಫೋಟೋ, ಒಂದು ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ಇರುತ್ತಿದ್ದವು. ಈಗ ಬಸವಣ್ಣನ ಕಿರೀಟವಷ್ಟೇ ಕಾಣುತ್ತದೆ. ಮುಂದೆಲ್ಲ ಬಾಟಲಿಗಳು. ಒಂದೊಂದಾಗಿ ಇಳಿಸಿ ಓದುವುದೆಂದರೆ ನನಗೆ ಪಂಚಾಂಗ ಓದಿದಷ್ಟೇ ಖುಷಿ.

ಮೊದಲು ಕೈಗೆ ಬಂದದ್ದು ಕ್ಯಾಲ್ಸಿಯಂ. ಹಿಂದೆ ಸಣ್ಣಕ್ಷರದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಎಂದಿತ್ತು. ಅಯ್ಯೋ ಶಿವನೇ! ಸುಣ್ಣದ ಕಲ್ಲಿನ ಬಹುಪಾಲು ಅದೇ ತಾನೆ? ಮುತ್ಯಾ ಪ್ರಾಯದಲ್ಲಿ ಕೂಲಿ ಇಸಿದುಕೊಂಡು ಮೂಗಿನಿಂದ ತೊಗೊಂಡದ್ದನ್ನು ಈಗ ಮಗ ದುಡ್ಡು ಕೊಟ್ಟು ಬಾಯಿಯಿಂದ ಕೊಡಿಸುತ್ತಿದ್ದಾನೆ. ಹೇಳಿದೆ. ಮುತ್ಯಾ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಅಂದ: "ಹಂಗಾರ ನಮ್ಮ ಪಡಸಾಲಿ ಪರ್ಸಿ ನೆಕ್ಕಿದ್ರ ಸಾಕಿತ್ತು ಅನ್ನು."

ನೆಕ್ಕಬೇಡಿ. ಕ್ಯಾಲ್ಸಿಯಂಗೂ ಒಂದು ಕೆಲಸವಿದೆ. ದಮ್ಮಿಗೆಂದು ಸ್ಟೆರಾಯ್ಡ್ ಗುಳಿಗೆಯನ್ನು ಬಹುಕಾಲ ನುಂಗಿದವರ ಎಲುಬು ಸವೆಯುತ್ತದೆ, ಅಂಥವರಿಗೆ ಡಾಕ್ಟರೇ ಬರೆಯುತ್ತಾರೆ. ಎಲುಬಿಗೆ ಬರೆದದ್ದು ಎದೆಯ ಗೂಡಿನೊಳಗೆ ಹೋಗಿ ರಿಪೇರಿ ಮಾಡುತ್ತದೆಂಬ ಲೆಕ್ಕ ಮಾತ್ರ ನಮ್ಮದು. ಇನ್ನೊಂದು: ಕಫ ಹಸಿರಾಗಿ ಜ್ವರ ಬಂದಾಗ ಡಾಕ್ಟರು ಡಾಕ್ಸಿಸೈಕ್ಲಿನ್ ಥರದ್ದೇನಾದರೂ ಕೊಟ್ಟಿದ್ದರೆ ಅದನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ಒಂದೇ ಗುಟುಕಿಗೆ ನುಂಗಬಾರದು. ಹೊಟ್ಟೆಯಲ್ಲಿ ಎರಡೂ ಒಂದನ್ನೊಂದು ಹಿಡಿದುಕೊಂಡು ಔಷಧಿ ರಕ್ತಕ್ಕೆ ಪೂರ್ತಿ ಸೇರುವುದಿಲ್ಲ. ಮುತ್ಯಾನ ಸೊಸೆ ಎಲ್ಲ ಗುಳಿಗೆಗಳನ್ನೂ ಒಂದು ಬಟ್ಟಲಿಗೆ ಸುರಿದು, ಮೇಲೊಂದು ಗ್ಲಾಸು ಹಾಲಿಟ್ಟು, "ಒಮ್ಮೆಗೇ ನುಂಗಿಬಿಡ್ರಿ ಮಾಮಾ" ಅನ್ನುತ್ತಾಳೆ. ಮನೆಗೆಲಸದಲ್ಲಿ ಅವಳಷ್ಟು ಚುರುಕು ಯಾರಿಲ್ಲ.

ಎರಡನೆಯದು ವಿಟಮಿನ್ ಡಿ. ಇದನ್ನು ನೋಡಿದರೆ ಸೂರ್ಯನಾರಾಯಣನೇ ನಕ್ಕಾನು. ಬೇಸಿಗೆಯಲ್ಲಿ 42, 43 ಡಿಗ್ರಿ ಸುಡುವ ಕಲಬುರಗಿ ಜಿಲ್ಲೆಗೆ ಬಿಸಿಲನ್ನು ಪುಡಿಕೆಯಲ್ಲಿ ಕಟ್ಟಿ ಮಾರುತ್ತಾರೆ, ನಾವು ಕೊಳ್ಳುತ್ತೇವೆ! ಆದರೆ ನಗುವ ಮುಂಚೆ ಒಂದು ವಿಚಾರ. ನಮ್ಮ ಬಿಸಿಲನ್ನು ನಾವು ಯಾವತ್ತು ಮೈಮೇಲೆ ತೊಗೊಂಡಿದ್ದೇವೆ? ತಲೆಗೆ ಟಾವೆಲ್, ಮೈತುಂಬ ಅಂಗಿ, ಹೆಂಗಸರಿಗೆ ಸೆರಗು, ಎಲ್ಲರಿಗೂ ಬೇವಿನ ಮರ. ದಮ್ಮಿನವರಂತೂ ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ಬಿಸಿಲ ನಾಡಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಡಿ ಕಡಿಮೆ ಬರುವುದು ಆಶ್ಚರ್ಯವೇನಲ್ಲ.

ಗೂಡಿನಲ್ಲಿದ್ದ ಇಡೀ ದಂಡಿನಲ್ಲಿ ಸ್ವಲ್ಪ ಮರ್ಯಾದೆ ಉಳಿಸಿಕೊಂಡಿರುವುದು ಈ ಡಿ ಒಂದೇ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಹಲವು ಪ್ರಯೋಗಗಳ ರೋಗಿಗಳ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ 'ಥೋರಾಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಡಿ ಮಿಲಿಲೀಟರಿಗೆ 10 ನ್ಯಾನೋಗ್ರಾಮಿಗಿಂತಲೂ ಕೆಳಗೆ ಬಿದ್ದಿದ್ದ ಸಿಓಪಿಡಿ ರೋಗಿಗಳಿಗೆ ಅದನ್ನು ಕೊಟ್ಟಾಗ ದಮ್ಮು ಒಮ್ಮೆಲೇ ಉಲ್ಬಣಿಸುವುದು ಅರ್ಧದ ಹತ್ತಿರಕ್ಕೆ ಇಳಿಯಿತು. ಅದಕ್ಕಿಂತ ಮೇಲಿದ್ದವರಿಗೆ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ಅಂದರೆ ಮೊದಲು ರಕ್ತ ನೋಡಿ, ಆಮೇಲೆ ಪುಡಿಕೆ ಹರಿಯಬೇಕು. ನಮ್ಮಲ್ಲಿ ಪುಡಿಕೆ ಮೊದಲು. ಅದರಲ್ಲೂ 60,000 ಯೂನಿಟ್ಟಿನದು ವಾರಕ್ಕೊಂದು ಎಂದು ಬರೆದಿದ್ದರೆ ಮುತ್ಯಾನ ಮಗ, "ದಿನಾ ಒಂದು ಕೊಟ್ರ ಲಗೂ ಆರಾಮ ಆಗ್ತದಲ್ರಿ?" ಎಂದು ಕೇಳುತ್ತಾನೆ. ಆಗುವುದು ಬೇರೆ: ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಕು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಎಳೆ ಬಿಸಿಲು ಎಷ್ಟು ಕಾಯಿಸಿಕೊಂಡರೂ ಇಂಥ ಅನಾಹುತವಿಲ್ಲ, ಪುಡಿಕೆಗೆ ಆ ವಿವೇಕ ಇಲ್ಲ.

ಮೂರನೆಯ ಬಾಟಲಿಯಲ್ಲಿ ಗಜ್ಜರಿ ಬಣ್ಣದ ಗುಳಿಗೆ. ಹೊರಗೆ ಆಂಟಿ ಆಕ್ಸಿಡೆಂಟ್ ಎಂದು ಚಿನ್ನದಕ್ಷರ. ತಂದವನು ಕಲಬುರಗಿಯ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿರುವ ತಂಗಿಯ ಮಗ. "ಬೀಡಿ ಸೇದಿದ ಹೊಲಸೆಲ್ಲ ಇದು ತೊಳೀತದ ಮುತ್ಯಾ" ಎಂದು ಹೇಳಿ ಕೊಟ್ಟಿದ್ದ. ಮುತ್ಯಾ ಬುದ್ಧಿವಂತ, ತೊಳೆಯುವವರು ಬಂದಮೇಲೆ ಹೊಲಸು ಮಾಡಲು ಹೆದರಿಕೆ ಯಾಕೆಂದು ಬೀಡಿ ಎರಡು ಜಾಸ್ತಿಯೇ ಮಾಡಿದ.

ಈ ತೊಳೆಯುವ ಕೆಲಸವನ್ನು ಫಿನ್ಲೆಂಡಿನವರು ಒಮ್ಮೆ ದೊಡ್ಡದಾಗಿ ಮಾಡಿ ನೋಡಿದ್ದಾರೆ. ಸೇದುವ ಗಂಡಸರೇ 29,133 ಮಂದಿ. ಅವರಲ್ಲಿ ಅರ್ಧದಷ್ಟು ಜನರಿಗೆ ದಿನಾ ಬೀಟಾ ಕ್ಯಾರೋಟಿನ್, ಅಂದರೆ ಗಜ್ಜರಿಗೆ ಬಣ್ಣ ಕೊಡುವ ಸರಕು, ಗುಳಿಗೆಯಾಗಿ ಕೊಟ್ಟರು. ಕ್ಯಾನ್ಸರ್ ಕಡಿಮೆಯಾಗಲಿ ಎಂಬ ಸದುದ್ದೇಶ. 1994ರಲ್ಲಿ ಲೆಕ್ಕ ತೆಗೆದರೆ ಗುಳಿಗೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು! ಅಮೆರಿಕದವರು ಇಂಥದೇ ಇನ್ನೊಂದು ಪ್ರಯೋಗ ಹಚ್ಚಿದ್ದರು, ಅಲ್ಲಿ ಶೇಕಡಾ 28 ಎಂದು ಕಂಡು 1996ರಲ್ಲಿ ಅವಸರದಿಂದ ನಿಲ್ಲಿಸಿಬಿಟ್ಟರು. ಇದನ್ನು ಮುತ್ಯಾನಿಗೆ ಹೇಳಿದಾಗ ಅವನು ಗುಳಿಗೆ ಬಾಟಲಿ ನನ್ನ ಕೈಗಿಟ್ಟ. ಬೀಡಿ ಕಟ್ಟು ದಿಂಬಿನ ಕೆಳಗೇ ಉಳಿಯಿತು. "ಗುಳಿಗಿ ತಪ್ಪು ಅಂದಿ, ಬಿಟ್ಟೆ. ಇಂವ ಏನ್ ಮಾಡ್ಯಾನ?" ಎಂದು ಬೀಡಿಯ ಪರ ವಕೀಲಿಕೆ ಬೇರೆ. ಅಂದಹಾಗೆ ಗಜ್ಜರಿಯನ್ನು ಗಜ್ಜರಿಯಾಗಿ ತಿಂದರೆ ಏನೂ ದೋಷವಿಲ್ಲ, ಕೋಸಂಬರಿ ಮಾಡುವವರು ಕೈ ನಿಲ್ಲಿಸಬೇಡಿ.

ನಾಲ್ಕನೆಯದು ನೀರಿಗೆ ಹಾಕಿದರೆ ಬುಸ್ಸೆಂದು ನೊರೆಯೇಳುವ ಗುಳಿಗೆ. ಅಸಿಟೈಲ್‌ಸಿಸ್ಟೀನ್ ಎಂದು ಹೆಸರು. ಮನೆಯ ಸಣ್ಣ ಹುಡುಗರಿಗೆ ಇದರ ಮೇಲೆ ಬಹಳ ಪ್ರೀತಿ, ಮುತ್ಯಾನ ಗ್ಲಾಸಿನ ಸುತ್ತ ಕೂತು ನೋಡುತ್ತಾರೆ. ಕಫ ತೆಳ್ಳಗೆ ಮಾಡುವ ಇದು ಕೆಲವರಿಗೆ ದಮ್ಮಿನ ಉಲ್ಬಣವನ್ನು ಸ್ವಲ್ಪ ಕಡಿಮೆ ಮಾಡಬಹುದು. ಯುರೋಪಿನ ಒಂದು ಪ್ರಯೋಗ ದಿನಕ್ಕೊಂದರಿಂದ ಉಪಯೋಗವಿಲ್ಲವೆಂದಿತು, ಚೀನಾದ ಇನ್ನೊಂದು ದಿನಕ್ಕೆರಡರಿಂದ ಉಂಟೆಂದಿತು. ಡಾಕ್ಟರು ಬರೆದರೆ ಕುಡಿಯಿರಿ. ಹುಡುಗರನ್ನು ರಂಜಿಸಲು ಸೋಡಾ ಅಗ್ಗ.

ಇದರ ಪಕ್ಕದಲ್ಲೇ ಮುತ್ಯಾನ ಹೆಂಡತಿ ಆಯಿ ಮಾಡಿಟ್ಟ ಆಡುಸೋಗೆ ಕಷಾಯ. ಮಗನಿಗೆ ಅದರ ಮೇಲೆ ತಾತ್ಸಾರ. ಮೆಡಿಕಲ್ ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ಪೇ ಅವನಿಗೆ ಸೈನ್ಸು. ಅಂಥ ಸಿರಪ್ಪುಗಳಲ್ಲಿ ಬಹಳಷ್ಟಕ್ಕೆ ಹಾಕುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಇದೇ ಆಡುಸೋಗೆಯೊಳಗಿನ ವಾಸಿಸಿನ್ ಎಂಬ ಸತ್ವವನ್ನು ಮಾದರಿಯಾಗಿಟ್ಟುಕೊಂಡು. ಬೇಲಿಯ ಗಿಡ ಲ್ಯಾಬಿಗೆ ಹೋಗಿ ಪ್ಯಾಂಟು ಹಾಕಿಕೊಂಡು ಬಂದಿದೆ. ಇದನ್ನು ಕೇಳಿದ ಆಯಿ ಒಂದು ವಾರ ಮಗನ ಕಡೆ ಗೆದ್ದ ಮುಖ ಮಾಡಿ ಓಡಾಡಿದಳು. ಆದರೂ ಎರಡೂ ಕಫ ಸಡಿಲಿಸುವ ಮಟ್ಟಿಗೆ ಮಾತ್ರ, ಮುಚ್ಚಿದ ಕೊಳವೆ ತೆರೆಯುವುದು ಇವುಗಳ ಕೈಲಾಗದು.

ಗೂಡಿನಲ್ಲಿ ಇಡಲಾಗದ, ಆದರೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಮದ್ದೊಂದಿದೆ. ಜೂನಿನಲ್ಲಿ ಮೃಗಶಿರಾ ಹೊಕ್ಕಿತೆಂದರೆ ನಮ್ಮ ಕಡೆಯ ದಮ್ಮಿನವರು ಹೈದರಾಬಾದಿಗೆ ಹೊರಡುತ್ತಾರೆ. ವಾಡಿ, ಚಿತ್ತಾಪುರ, ಸೇಡಂನವರು ರೈಲು ಹತ್ತುತ್ತಾರೆ. ಚಿಂಚೋಳಿ, ಚಂದಾಪುರದವರಿಗೆ ರೈಲಿಲ್ಲ, ತಾಂಡೂರಿನವರೆಗೆ ಬಸ್ಸಿನಲ್ಲಿ ಕೆಮ್ಮಬೇಕು. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಗೌಡರ ಮನೆಯವರು ಜೀವಂತ ಕೊರಮೀನಿನ ಮರಿಯ ಬಾಯಿಗೆ ಹಳದಿ ಮದ್ದು ತುಂಬಿ, ಮೀನನ್ನು ನಿಮ್ಮ ಬಾಯಿಗೆ ಇಳಿಸುತ್ತಾರೆ. 1845ರಿಂದ ನಡೆದುಬಂದಿದೆ ಎಂಬುದು ಅವರ ಮಾತು, ಮದ್ದಿನ ಗುಟ್ಟು ಅವರ ಮನೆಯದು, ದುಡ್ಡು ಕೇಳುವುದಿಲ್ಲ. ವಿಚಾರವಾದಿಗಳು ಕೋರ್ಟಿಗೆಳೆದು ಗದ್ದಲ ಮಾಡಿದ ಮೇಲೆ ಔಷಧಿ ಹೋಗಿ ಪ್ರಸಾದವಾಯಿತು. ಪ್ರಸಾದಕ್ಕೆ ಲ್ಯಾಬ್ ರಿಪೋರ್ಟ್ ಕೇಳುವವರು ಯಾರು? ಲಿಂಗಾಯತರಿಗೂ ಅಡ್ಡಿಯಿಲ್ಲ, ಮೀನು ಒಲ್ಲದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ.

ಇದು ದಮ್ಮು ನಿಲ್ಲಿಸುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಹೋಗಿಬಂದವರಲ್ಲಿ ಕೆಲವರು ಮಾತ್ರ "ಫರಕು ಬಿತ್ತರಿ" ಅನ್ನುವುದು ಸುಳ್ಳೂ ಅಲ್ಲ. ನನ್ನ ಗುಮಾನಿ ಮಳೆಯ ಮೇಲೆ. ಮೇ ತಿಂಗಳ ಧೂಳೆಲ್ಲ ಮೃಗಶಿರಾ ಮಳೆಗೆ ಕೂತುಬಿಡುತ್ತದೆ, ಖಣಿಯಲ್ಲಿ ನೀರು ನಿಂತು ಕೆಲಸ ನಿಲ್ಲುತ್ತದೆ, ಇತ್ತ 45 ದಿನದ ಪಥ್ಯವೆಂದು ಕರಿದದ್ದು ಹುರಿದದ್ದು ಬಿಟ್ಟಿರುತ್ತಾರೆ. ಎಲ್ಲ ಪುಣ್ಯವೂ ಮೀನಿನ ಖಾತೆಗೆ. ಪಾಪ, ಪ್ರಾಣ ಕೊಟ್ಟದ್ದು ಅದೇ, ತೊಗೊಳ್ಳಲಿ ಬಿಡಿ. ಒಂದೇ ವಿನಂತಿ: ಹೈದರಾಬಾದಿನ ಗಂಟಿನಲ್ಲಿ ನಿಮ್ಮ ಇನ್ಹೇಲರ್ ಪಂಪನ್ನೂ ಕಟ್ಟಿಕೊಳ್ಳಿ. ಆ ನೂಕುನುಗ್ಗಲಿನಲ್ಲಿ ಮೀನು ಕೊಡುವವರೆಗೆ ಉಸಿರಿರಬೇಕಲ್ಲ.

ತಿನ್ನುವ ಮದ್ದಿನ ಜಗಳ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಈಗ ಸಿಮೆಂಟ್ ಲಾರಿಗಳು ತಿರುಗುವ ಅದೇ ಊರು, ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯ ಎಂಬ ಜೈನ ವೈದ್ಯ ವೈದ್ಯರ ನಡುವೆ ಎದ್ದುನಿಂತು, ಮದ್ದಿಗೆ ಮಾಂಸ ಯಾಕೆ ಬೇಕು ಎಂದು ವಾದ ಹೂಡಿದ. ಅವನ 'ಕಲ್ಯಾಣಕಾರಕ' ಎಂಬ ಸಂಸ್ಕೃತ ಗ್ರಂಥದ ಕೊನೆಯ ಹಿತಾಹಿತ ಅಧ್ಯಾಯವೇ ಆ ವಾದ. ಅದು 9ನೆಯ ಶತಮಾನ. 2021ರಲ್ಲಿ ನಮ್ಮ ಜಿಲ್ಲೆಗಳ ಶಾಲೆ ಊಟಕ್ಕೆ ಮೊಟ್ಟೆ ಬಂದಾಗ ಎದ್ದ ಗದ್ದಲ ಕೇಳಿದವರಿಗೆ ಸಭೆ ಇನ್ನೂ ಬರಖಾಸ್ತಾಗಿಲ್ಲವೆಂದು ಅನಿಸಿರಬೇಕು. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಮೊಟ್ಟೆ ತಿನ್ನುವವರು ತಿನ್ನಲಿ, ಒಲ್ಲದವರು ಹಾಲು ಕುಡಿಯಲಿ. ಎರಡೂ ಬಿಟ್ಟು ಡಬ್ಬಿ ನೆಕ್ಕುವವರದೇ ನನಗೆ ಚಿಂತೆ.

ಯಾಕೆಂದರೆ ದಮ್ಮಿನವನ ಊಟ ನಿಜಕ್ಕೂ ದೊಡ್ಡ ವಿಷಯ. ಉಸಿರಾಡುವುದು ನಮಗೆ ಪುಕ್ಕಟೆ, ಅವನಿಗೆ ಕೂಲಿ ಕೆಲಸ. ಎದೆಯ ಸ್ನಾಯುಗಳು ದಿನವಿಡೀ ದುಡಿದು ನಮಗಿಂತ ಎಷ್ಟೋ ಪಟ್ಟು ಶಕ್ತಿ ಸುಡುತ್ತವೆ. ಇತ್ತ ಹೊಟ್ಟೆ ತುಂಬ ಉಂಡರೆ ವಪೆ ಮೇಲಕ್ಕೆ ಒತ್ತಿ ಉಸಿರು ಕಟ್ಟುತ್ತದೆ, ಅದಕ್ಕೆ ಹೆದರಿ ಅರ್ಧ ರೊಟ್ಟಿಗೆ ಏಳುತ್ತಾನೆ. ಮೈ ಕರಗುತ್ತದೆ, ಕರಗಿದ ಮೈಯಲ್ಲಿ ಉಸಿರಿನ ಸ್ನಾಯುವೂ ಸೇರಿರುತ್ತದೆ. ಸಿಓಪಿಡಿಯವರ ಆಯುಸ್ಸು ಅಂದಾಜು ಮಾಡಲು ಡಾಕ್ಟರು ಇಟ್ಟುಕೊಂಡಿರುವ ಬೋಡ್ ಎಂಬ ಲೆಕ್ಕದಲ್ಲಿ ಊದುವ ಶಕ್ತಿ, ನಡೆಯುವ ದೂರದ ಜೊತೆಗೆ ಮೈಯ ತೂಕವೂ ಒಂದು ಬಾಬತ್ತು. ಬಡಕಲಾದವರಿಗೆ ಸರಿಯಾದ ಪೋಷಣೆ ಕೊಟ್ಟರೆ ತೂಕವೂ ಬರುತ್ತದೆ, ಸ್ವಲ್ಪ ಬಲವೂ ಬರುತ್ತದೆ ಎಂಬುದಕ್ಕೆ ಪ್ರಯೋಗಗಳ ಬೆಂಬಲವಿದೆ. ಡಬ್ಬಿಗೆ ಇರುವ ನಿಜವಾದ ಸಮರ್ಥನೆ ಇದೊಂದೇ: ಹಸಿದವನಿಗೆ ಅದೂ ಒಂದು ಊಟ. ಹೊಟ್ಟೆ ಮುಂದೆ ಬಂದವನಿಗೆ ಅದೇ ಡಬ್ಬಿ ಇನ್ನಷ್ಟು ಹೊಟ್ಟೆ.

ಊಟವೇ ಮದ್ದಾದ ಕಥೆ ಬೇಕೆಂದರೆ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರದು ಕೇಳಬೇಕು. ಜಾರ್ಖಂಡಿನಲ್ಲಿ 2,800 ಟಿ.ಬಿ. ರೋಗಿಗಳು, ಅವರ ಮನೆಯವರು 10,345 ಮಂದಿ. ಅರ್ಧದಷ್ಟು ಮನೆಗಳಲ್ಲಿ ರೋಗಿಯ ಜೊತೆ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೀವಸತ್ವದ ಗುಳಿಗೆ ಕೊಟ್ಟರು. 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ: ರೇಶನ್ ಸಿಕ್ಕ ಮನೆಯವರಲ್ಲಿ ಹೊಸದಾಗಿ ಟಿ.ಬಿ. ಹತ್ತುವುದು ಶೇಕಡಾ 39ರಷ್ಟು ಕಡಿಮೆ. ಟಿ.ಬಿ. ಗುಣವಾದ ಮೇಲೂ ಗಾಯದ ಕಲೆ ಉಳಿದು ಜೀವಮಾನವಿಡೀ ಏದುಸಿರು ಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ, ಆದ್ದರಿಂದ ಇದು ಬೇರೆ ಊರಿನ ಸುದ್ದಿಯಲ್ಲ. ಟಿ.ಬಿ. ರೋಗಿಯ ಪೋಷಣೆಗೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ 1,000. ಈ ದುಡ್ಡಿನಲ್ಲಿ ಡಬ್ಬಿ ಕೊಂಡರೆ ಒಂದೂವರೆ ಬರುತ್ತದೆ. ಬೇಳೆ ಕೊಂಡರೆ ಮನೆಮಂದಿಯೆಲ್ಲ ಉಣ್ಣುತ್ತಾರೆ.

ಬೇಳೆ ಅಂದೆನಲ್ಲ, ಇಲ್ಲೇ ನನಗೆ ಹೊಟ್ಟೆ ಉರಿಯುವುದು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಪಟ್ಟ ಬಂದಿದೆ. ನೂರು ಗ್ರಾಂ ತೊಗರಿ ಬೇಳೆಯಲ್ಲಿ 22 ಗ್ರಾಂ ಪ್ರೋಟೀನು, ಶೇಂಗಾದಲ್ಲಿ ಅದಕ್ಕೂ ಮೂರು ಹೆಚ್ಚು. 45 ಕಿಲೋ ತೂಗುವ ಮುತ್ಯಾನಿಗೆ ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನು ಸಿಕ್ಕರೆ ಬೇಕಾದಷ್ಟಾಯಿತು. ಜೋಳದ ರೊಟ್ಟಿ, ಗಟ್ಟಿ ಬ್ಯಾಳಿ, ಒಂದು ಹಿಡಿ ಶೇಂಗಾ ಹಿಂಡಿ, ಅರ್ಧ ಲೀಟರ್ ಹಾಲು, ಮನಸ್ಸಿದ್ದರೆ ಎರಡು ಮೊಟ್ಟೆ, ಇಷ್ಟರಲ್ಲೇ ಲೆಕ್ಕ ಮುಗಿದು ಮಿಗುತ್ತದೆ. ಎರಡು ಹೊತ್ತಿನ ಊಟವನ್ನು ಐದಾರು ಸಲಕ್ಕೆ ಹಂಚಿ ಕೊಟ್ಟರೆ ಉಸಿರೂ ಕಟ್ಟುವುದಿಲ್ಲ. ಆದರೆ ನಮ್ಮ ಮನೆಗಳ ವ್ಯವಹಾರ ಬೇರೆ. ತೊಗರಿ ಚೀಲದಲ್ಲಿ ತುಂಬಿ ಅಡತ್ ಅಂಗಡಿಗೆ ಹೋಗುತ್ತದೆ, ಬಂದ ದುಡ್ಡಿನಲ್ಲಿ ಡಬ್ಬಿ ಮನೆಗೆ ಬರುತ್ತದೆ. ತೊಗರಿ ಕಟ್ಟಿಗೆ ಮಾತ್ರ ನಮಗೇ ಉಳಿದು ಒಲೆಗೆ ಹೋಗುತ್ತದೆ. ಹೀಗೆ ಒಂದೇ ಗಿಡದ ಪ್ರೋಟೀನು ಪೇಟೆಗೆ, ಹೊಗೆ ನಮ್ಮ ಎದೆಗೆ.

ಡಬ್ಬಿಯ ಮೇಲೆ ಕಾನೂನು ಬರೆಸಿದ ಒಂದು ಸಾಲು ಇರುತ್ತದೆ, ಕನ್ನಡಕ ಇದ್ದವರು ನೋಡಿ: ಔಷಧಿಯಾಗಿ ಬಳಸುವುದಕ್ಕಲ್ಲ, ಎಂದು. ಮಾರುವವನ ಬಾಯಿಗೆ ಆ ಸಾಲು ಅಂಟಿಸಿರುವುದಿಲ್ಲ. ಅಸ್ತಮಾ ವಾಸಿ ಮಾಡುತ್ತೇನೆಂದು ಯಾವ ಔಷಧಿಯೂ ಹೇಳಿಕೊಳ್ಳುವ ಹಾಗಿಲ್ಲ, ಕೇಂದ್ರದ ಔಷಧ ನಿಯಮಗಳ ಜೆ ಅನುಸೂಚಿಯಲ್ಲೇ ಅದು ಇದೆ. ಔಷಧಿಗೇ ಇಲ್ಲದ ಧೈರ್ಯ ಪುಡಿಗೆ ಎಲ್ಲಿಂದ ಬಂತೋ! ಇನ್ನು ಹೆಸರೂ ಲೇಬಲ್ಲೂ ಇಲ್ಲದ, ಸಂತೆಯಲ್ಲಿ ಕಾಗದದಲ್ಲಿ ಕಟ್ಟಿಕೊಡುವ ಕಂದು ಪುಡಿ ಇದೆಯಲ್ಲ, ಅದರ ಹತ್ತಿರ ಮಾತ್ರ ನನಗೆ ತಮಾಷೆ ಬರುವುದಿಲ್ಲ. ತಿಂದ ನಾಲ್ಕೇ ದಿನಕ್ಕೆ ದಮ್ಮು ಮಾಯ, ಹಸಿವು ಭರ್ಜರಿ, ತಿಂಗಳಿಗೆ ಮುಖ ದುಂಡಗೆ. ಮನೆಯವರು "ಮೈ ಹಿಡದಾನ ನೋಡ್ರಿ" ಅನ್ನುತ್ತಾರೆ. ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಸ್ಟೆರಾಯ್ಡ್ ಸಿಕ್ಕ ಉದಾಹರಣೆಗಳಿವೆ. ಸಕ್ಕರೆ ರೋಗ ಏರುತ್ತದೆ, ಎಲುಬು ಪೊಳ್ಳಾಗುತ್ತದೆ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು. ಹೆಸರು ಹೇಳದವನ ಪುಡಿಯನ್ನು ಬಾಯಿಗಿಡಬೇಡಿ.

ಗುತ್ತೇದಾರರ ಡಬ್ಬಿಯ ಮಾತು ಬಿಟ್ಟೆನಲ್ಲ. ಹಳೆ ಕೂಲಿಕಾರ ಕೆಮ್ಮುತ್ತಾನೆಂದು ತಿಳಿದು ಒಬ್ಬ ಗುತ್ತೇದಾರ ದೊಡ್ಡ ಮನಸ್ಸು ಮಾಡಿ ಮುತ್ಯಾನಿಗೆ ಒಂದು ಡಬ್ಬಿ ಕಳಿಸಿದ್ದ. ಊರೆಲ್ಲ ಹೊಗಳಿತು, ಅವನು ನಿಜಕ್ಕೂ ಕೊಡಬೇಕಾದದ್ದು ಮಾತ್ರ ಬೇರೆ. ಕಲ್ಲಿನ ಧೂಳಿನಲ್ಲಿ ಸಿಲಿಕಾ ಇದ್ದು ಅದು ಎದೆಯಲ್ಲಿ ಕೂತರೆ ಸಿಲಿಕೋಸಿಸ್. 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲೇ ಅದರ ಹೆಸರಿತ್ತು, ಕಂಡುಬಂದರೆ ವರದಿ ಮಾಡಬೇಕು. ಮಾಸ್ಕು ಕೊಡಬೇಕು, ಕಲ್ಲಿಗೆ ನೀರು ಬಿಟ್ಟು ಕೊಯ್ಯಬೇಕು, ಎಕ್ಸ್‌ರೇ ತೆಗೆಸಬೇಕು, ಪರಿಹಾರದ ಕಾಗದಪತ್ರ ಬರೆಯಬೇಕು. ಡಬ್ಬಿಗೆ ಯಾವ ಕಾಗದವೂ ಬೇಡ. ಇಷ್ಟು ಅಗ್ಗದಲ್ಲಿ ಋಣ ಹರಿದುಕೊಳ್ಳುವ ಉಪಾಯ ನನಗಂತೂ ಬೇರೆ ಗೊತ್ತಿಲ್ಲ.

ಗೂಡು ಖಾಲಿ ಮಾಡುತ್ತ ಮಾಡುತ್ತ ಬಸವಣ್ಣನ ಹಿಂದೆ ಸಿಕ್ಕಿತು ಪಂಪು. ಅದರ ಮೇಲಿನ ತಾರೀಖು ಎಂದೋ ತೀರಿತ್ತು.

"ಮುತ್ಯಾ, ಇದ್ಯಾಕ ಇಲ್ಲಿ?"

"ಏ, ಬೀಗರು ಬರ್ತಾರ. ಪಂಪು ನೋಡಿದ್ರ ಭಾರಿ ಬ್ಯಾನಿ ಅಂತ ತಿಳೀತಾರ. ಮತ್ತ ಒಮ್ಮೆ ಹಚ್ಚಿದ್ರ ಚಟ ಬೀಳ್ತದಂತ."

ಬೀಡಿಗೆ ಬೀಳದ ಹೆದರಿಕೆ ಪಂಪಿಗೆ! ಕೊಳವೆ ಸಡಿಲಿಸುವ ಔಷಧಿ ನೇರ ಶ್ವಾಸಕೋಶಕ್ಕೇ ಹೋಗುವುದು ಇದರಿಂದ, ಗುಳಿಗೆಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ. ಹಚ್ಚಿ ತೋರಿಸು ಅಂದೆ. ಬಾಯಿ ತೆರೆದ, ಪುಸ್ ಅನ್ನಿಸಿದ, ಬಾಯಿ ಮುಚ್ಚಿ ನುಂಗಿದ. ಹೀಗಾದರೆ ಔಷಧಿ ಹೊಟ್ಟೆಗೆ ಹೋಗಿ ಜೋಳದ ರೊಟ್ಟಿಯ ಜೊತೆ ಮಾತಾಡುತ್ತದೆ. ಮೊದಲು ಉಸಿರು ಪೂರ್ತಿ ಬಿಡಬೇಕು, ತುಟಿ ಬಿಗಿಹಿಡಿದು ನಿಧಾನ ಒಳಗೆಳೆಯುತ್ತ ಒತ್ತಬೇಕು, ಹತ್ತು ಎಣಿಸುವವರೆಗೆ ತಡೆಯಬೇಕು. ಕೈಗೂ ಉಸಿರಿಗೂ ತಾಳ ಸೇರದವರಿಗೆ ಸ್ಪೇಸರ್ ಎಂಬ ಡಬ್ಬಿಯೇ ಇದೆ, ತರುವುದಾದರೆ ಆ ಡಬ್ಬಿ ತನ್ನಿರಪ್ಪ ಬೀಗರೇ! ಸ್ಟೆರಾಯ್ಡ್ ಇರುವ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸಲು. ಜನೌಷಧಿ ಕೇಂದ್ರದಲ್ಲಿ ಇಂಥ ಪಂಪುಗಳು ಅಗ್ಗಕ್ಕೂ ಸಿಗುತ್ತವೆ.

ಇಷ್ಟೆಲ್ಲ ಉಪದೇಶ ಮಾಡುವಾಗ ಒಳಗಿನಿಂದ ಇನ್ನೊಂದು ಕೆಮ್ಮು ಕೇಳುತ್ತಲೇ ಇತ್ತು. ಆಯಿಯದು. ಬೀಡಿ ಮುಟ್ಟಿದವಳಲ್ಲ, ಖಣಿ ನೋಡಿದವಳಲ್ಲ. ಅವಳ ಕೆಮ್ಮಿಗೆ ಆ ಮನೆಯಲ್ಲಿ "ವಯಸ್ಸು" ಎಂದು ಹೆಸರಿಟ್ಟಿದ್ದಾರೆ. ಯಾರೂ ಅವಳಿಗೊಂದು 200 ಗ್ರಾಮಿನದೂ ತಂದಿಲ್ಲ. ಗ್ಯಾಸ್ ಸಿಲಿಂಡರು ಮೂಲೆಯಲ್ಲಿದೆ, ಬೀಗರು ಬಂದಾಗ ಚಹಕ್ಕೆ. ರೊಟ್ಟಿ ಮಾತ್ರ ತೊಗರಿ ಕಟ್ಟಿಗೆಯ ಉರಿಯಲ್ಲೇ ಚಲೋ ಉಬ್ಬುತ್ತದೆಂದು ಮುತ್ಯಾನ ತೀರ್ಮಾನ. ಬೀಡಿ ಮುಟ್ಟದ ಹೆಂಗಸರಿಗೆ ಸಿಓಪಿಡಿ ಬರುವ ದೊಡ್ಡ ದಾರಿ ಇದೇ ಒಲೆಯ ಹೊಗೆ. ನಾನು ಮಗನನ್ನು ಕರೆದು, "ತಮ್ಮಾ, ಅಪ್ಪನ ಕೂಡ ಅವ್ವನ್ನೂ ಕಲಬುರಗಿಗೆ ಕರಕೊಂಡು ಹೋಗು. ಮಶೀನಿನ್ಯಾಗ ಊದಿಸಿ ನೋಡ್ತಾರ, ಅದರಾಗ ಖರೇ ಏನದ ಅಂತ ತಿಳೀತದ" ಎಂದೆ. ಮಗ ತಲೆ ಕೆರೆದ. ಆಯಿಗೆ ಹೆದರಿಕೆಯಾದೀತೆಂದು ಅವಳಿಗೂ ಬಿಡಿಸಿ ಹೇಳಿದೆ: ಸೂಜಿಯಿಲ್ಲ, ನೋವಿಲ್ಲ, ಒಂದು ನಳಿಗೆಯಲ್ಲಿ ಜೋರಾಗಿ ಊದಬೇಕು, ಅಷ್ಟೇ.

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯಿಂದ ಈಚೆ ಬಂದಳು.

"ಹುಟ್ಟಿದಾಗಿಂದ ಊದಕೋತೇ ಬಂದೀನಪ್ಪ, ಇನ್ನೊಂದು ಊದಿದ್ರೇನಾತು, ಊದ್ತೀನಿ. ಅದರಾಗಿಂದ ಹೊಗಿ ತಿರುಗಿ ಮುಖಕ್ಕ ಬರಂಗಿಲ್ಲ, ಹೌದಿಲ್ಲೋ?"